ಬಂದೆ, ಹೋದೆ: ಒಂದು ಹಾಜರಿ ಸಾಲಿನ ಚರಿತ್ರೆ

ಕೆಲಸಕ್ಕೆ ಬಂದ ಹೊತ್ತು, ಕೆಲಸ ಬಿಟ್ಟ ಹೊತ್ತು. ಇವೆರಡನ್ನು ಬರೆದಿಡುವುದರಲ್ಲಿ ಏನು ಮಹಾ ಇದೆ ಎಂದು ನೀವು ಕೇಳಬಹುದು. ಬರೆಯುವುದರಲ್ಲಿ ಏನೂ ಇಲ್ಲ ನೋಡಿ, ಕಷ್ಟ ಇರುವುದು ಓದುವುದರಲ್ಲಿ. 'ಬಂದ' ಎಂದು ಬರೆದು 'ಹೋದ' ಎಂದು ಬರೆಯದೆ ಬಿಟ್ಟರೆ ಅವನು ಎಷ್ಟು ಗಂಟೆ ದುಡಿದ? ರಾತ್ರಿ ಹನ್ನೊಂದಕ್ಕೆ ಬಂದವನು ಬೆಳಿಗ್ಗೆ ಏಳಕ್ಕೆ ಹೋದರೆ ಅದು ಯಾವ ದಿನದ ಹಾಜರಿ? ಗೇಟಿನ ಗಡಿಯಾರ ಒಂದು ಹೇಳಿ ಊರಿನ ಗಡಿಯಾರ ಇನ್ನೊಂದು ಹೇಳಿದರೆ ಯಾವುದನ್ನು ನಂಬಬೇಕು? ಇದಕ್ಕೆಲ್ಲ ಉತ್ತರ ಹೇಳುವ ಅಧಿಕಾರ ಯಾರ ಕೈಯಲ್ಲಿದೆಯೋ, ಸಂಬಳವೂ ಅವರ ಕೈಯಲ್ಲೇ!

ನಾನು ದಕ್ಷಿಣ ಕನ್ನಡದಿಂದ ಮುಂಬಯಿಗೆ ಬಂದು ಐವತ್ತು ವರ್ಷ ದಾಟಿತು. ಮೊದಲ ಕೆಲವು ವರ್ಷ ಹಗಲು ಹೋಟೆಲು, ರಾತ್ರಿ ಶಾಲೆ. ನಮ್ಮ ಕಡೆಯ ಸಾವಿರಾರು ಹುಡುಗರದ್ದು ಅದೇ ಕತೆ ಬಿಡಿ. ಆಮೇಲೆ ಪರೇಲ್ ಕಡೆಯ ಒಂದು ಬಟ್ಟೆ ಗಿರಣಿಯ ಟೈಮ್ ಆಫೀಸಿನಲ್ಲಿ ಗುಮಾಸ್ತನಾದೆ. ಗಿರಣಿ ಮುಚ್ಚುವವರೆಗೂ ನನ್ನ ಕೆಲಸ ಜನರ ಹೊತ್ತನ್ನು ಎಣಿಸುವುದು. ಈಗ ನಿವೃತ್ತ. ಕೈ ಸುಮ್ಮನಿರಬಾರದೆಂದು ಎರಡು ಮೂರು ಅಂಗಡಿಗಳ ಲೆಕ್ಕ ಬರೆದುಕೊಡುತ್ತೇನೆ, ಗಂಟೆಗೆ ಇಷ್ಟು ಎಂದು. ಯಾವ ಅಂಗಡಿಗೆ ಎಷ್ಟು ಹೊತ್ತು ಕೊಟ್ಟೆ ಎನ್ನುವುದನ್ನು ಕಂಪ್ಯೂಟರಿನಲ್ಲಿ ಒಂದು ಸಾದಾ ಟೆಕ್ಸ್ಟ್ ಫೈಲಿನಲ್ಲಿ ಬರೆದಿಡುವುದು ರೂಢಿ.

ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅಕ್ಕನ ಮಗ, ಆ ಫೈಲನ್ನು ಓದಿ ತಿಂಗಳ ಕೊನೆಗೆ ಬಿಲ್ಲು ಮಾಡಿಕೊಡುವ ಪುಟ್ಟ ಪ್ರೋಗ್ರಾಂ ಒಂದನ್ನು ಬರೆಯಲು ಕುಳಿತ. ಇದಕ್ಕೆ ಅವರ ಭಾಷೆಯಲ್ಲಿ ಪಾರ್ಸಿಂಗ್ ಎನ್ನುತ್ತಾರೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಸಾಲನ್ನು ಬಿಡಿಸಿ ಓದುವುದು. ಕೆಲಸ ಸಾಗಿದಂತೆ ಅವನು "ಮಾವ, ಇದಕ್ಕೇನು ಮಾಡಲಿ? ಅದಕ್ಕೇನು ಮಾಡಲಿ?" ಎಂದು ಒಂದೊಂದೇ ಕೇಳತೊಡಗಿದ. ತಮಾಷೆ ಎಂದರೆ, ಅವನು ಕೇಳಿದ ಪ್ರಶ್ನೆಗಳೆಲ್ಲ ನಾನು ಟೈಮ್ ಆಫೀಸಿನ ಕಿಟಕಿಯಲ್ಲಿ ಕೇಳಿದವೇ. ಅವುಗಳ ಹಿಂದೆ ನೂರೈವತ್ತು ವರ್ಷಗಳ ಜಗಳವಿದೆ. ಆ ಚರಿತ್ರೆ ಇಲ್ಲಿದೆ.

ಸಾಲಿಗೆ ಬೆಲೆ ಬಂದದ್ದು

ಮುಂಬಯಿಯ ಮೊದಲ ಹತ್ತಿ ಗಿರಣಿ ಕಾವಸ್‌ಜಿ ದಾವರ್ ಅವರದು. 1854ರಲ್ಲಿ ಕಂಪನಿ ಹುಟ್ಟಿ, 1856ರಲ್ಲಿ ತಾಡ್‌ದೇವ್‌ನಲ್ಲಿ ಕೆಲಸ ಶುರುವಾಯಿತು. ಆ ಕಾಲದ ಗಿರಣಿಗಳಿಗೆ ಸೂರ್ಯನೇ ಗಡಿಯಾರ. ಬೆಳಕು ಹರಿದಾಗ ಯಂತ್ರ ತಿರುಗುತ್ತಿತ್ತು, ಕತ್ತಲಾದಾಗ ನಿಲ್ಲುತ್ತಿತ್ತು. ಬೇಸಿಗೆಯಲ್ಲಿ ದುಡಿಮೆ ಉದ್ದ, ಚಳಿಗಾಲದಲ್ಲಿ ಗಿಡ್ಡ. 1881ರ ಮೊದಲ ಫ್ಯಾಕ್ಟರಿ ಕಾಯ್ದೆ ಮಕ್ಕಳಿಗೆ ಮಾತ್ರ ದಿನಕ್ಕೆ ಒಂಬತ್ತು ಗಂಟೆಯ ಮಿತಿ ಹಾಕಿತು. ದೊಡ್ಡವರ ಬಗ್ಗೆ ಮಾತೇ ಇಲ್ಲ.

1884ರಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರು ಗಿರಣಿ ಕೆಲಸಗಾರರ ಸಭೆ ಕರೆದು, ಸುಮಾರು 5,500 ಜನರ ಸಹಿ ಇದ್ದ ಮನವಿ ಸಲ್ಲಿಸಿದರು. ಅದರಲ್ಲಿ ಕೇಳಿದ್ದೇನು ಗೊತ್ತೇ? ವಾರಕ್ಕೊಂದು ರಜೆ, ಮಧ್ಯಾಹ್ನ ಅರ್ಧ ಗಂಟೆ ಬಿಡುವು, ಬೆಳಿಗ್ಗೆ ಆರೂವರೆಯಿಂದ ಸೂರ್ಯ ಮುಳುಗುವವರೆಗೆ ಕೆಲಸ. ಆರಂಭಕ್ಕೆ ಗಡಿಯಾರ, ಮುಕ್ತಾಯಕ್ಕೆ ಸೂರ್ಯ! ಭಾನುವಾರದ ರಜೆ 1890ರಲ್ಲಿ ಸಿಕ್ಕಿತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಗಿರಣಿಗಳಿಗೆ ವಿದ್ಯುತ್ ದೀಪ ಬಂದ ಮೇಲೆ ಕತ್ತಲಿನ ಹಂಗೂ ಹೋಯಿತು. ಹಾಗಾಗಿ ಗಂಟೆಗಳಿಗೆ ಕಾನೂನೇ ಕಟ್ಟೆ ಕಟ್ಟಬೇಕಾಯಿತು. 1911ರ ಕಾಯ್ದೆಯಲ್ಲಿ ಬಟ್ಟೆ ಗಿರಣಿಯ ಗಂಡಸರಿಗೆ ದಿನಕ್ಕೆ 12 ಗಂಟೆ. 1922ರಲ್ಲಿ ದಿನಕ್ಕೆ 11, ವಾರಕ್ಕೆ 60. 1934ರಲ್ಲಿ ದಿನಕ್ಕೆ 10, ವಾರಕ್ಕೆ 54. 1948ರಲ್ಲಿ ದಿನಕ್ಕೆ 9, ವಾರಕ್ಕೆ 48, ಅದಕ್ಕಿಂತ ಹೆಚ್ಚು ದುಡಿಸಿದರೆ ಎರಡು ಪಟ್ಟು ಕೂಲಿ.

ಮಿತಿ ಬಂದ ಮೇಲೆ ಲೆಕ್ಕವೂ ಬೇಕಲ್ಲ. ಯಾರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು ಎನ್ನುವ ಸಾಲಿಗೆ ದುಡ್ಡಿನ ಬೆಲೆ ಬಂದದ್ದು ಹೀಗೆ.

ಕೀಲಿಯಿಂದ ಅಕ್ಷರಕ್ಕೆ

ಇತ್ತ ಮುಂಬಯಿಯಲ್ಲಿ ಭಾನುವಾರದ ಹೋರಾಟ ನಡೆಯುತ್ತಿದ್ದ ಹೊತ್ತಿಗೆ ಅತ್ತ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ವಿಲಾರ್ಡ್ ಬಂಡಿ ಎಂಬ ಆಭರಣ ವ್ಯಾಪಾರಿ ಹಾಜರಿ ಗಡಿಯಾರವೊಂದನ್ನು ಮಾಡಿದ್ದ. ವರ್ಷ 1888. ಪ್ರತಿ ಕೆಲಸಗಾರನಿಗೂ ನಂಬರು ಇರುವ ಒಂದು ಕೀಲಿ. ಅದನ್ನು ಯಂತ್ರಕ್ಕೆ ತೂರಿಸಿ ತಿರುಗಿಸಿದರೆ ಕಾಗದದ ಪಟ್ಟಿಯ ಮೇಲೆ ಅವನ ನಂಬರೂ ಹೊತ್ತೂ ಅಚ್ಚಾಗುತ್ತಿದ್ದವು. 1894ರಲ್ಲಿ ಡೇನಿಯಲ್ ಕೂಪರ್ ಎಂಬಾತ ಇದನ್ನೇ ಕಾರ್ಡಿಗೆ ತಂದ. ನಮ್ಮಲ್ಲಿ ಅನೇಕರು ಪಂಚ್ ಮಾಡಿದ ಕಾರ್ಡು ಆ ಕಾರ್ಡಿನ ಮೊಮ್ಮಗು. ಈ ಹಾಜರಿ ಗಡಿಯಾರದ ಕಂಪನಿಗಳು ಕೂಡಿಕೊಂಡು, 1911ರಲ್ಲಿ ತಕ್ಕಡಿ ಮಾಡುವವರು, ಜನಗಣತಿಯ ಯಂತ್ರ ಮಾಡುವವರ ಜೊತೆ ಸೇರಿ ಒಂದೇ ಕಂಪನಿಯಾದವು. 1924ರಲ್ಲಿ ಅದರ ಹೆಸರು ಐಬಿಎಂ ಎಂದಾಯಿತು. ಅಂದರೆ ಕಂಪ್ಯೂಟರ್ ಲೋಕದ ಹಿರಿಯಣ್ಣನ ರಕ್ತದಲ್ಲಿ ಹಾಜರಿ ಗಡಿಯಾರ ಇದೆ!

ಹೀಗೆ ದೊಡ್ಡ ಯಂತ್ರಕ್ಕೆ ಹೋದ ಸಾಲು ಮತ್ತೆ ಒಬ್ಬೊಬ್ಬರ ಕೈಗೆ ಬಂದದ್ದು ನೂರು ವರ್ಷಗಳ ಮೇಲೆ. 1999ರಲ್ಲಿ ಜಾನ್ ವೀಗ್ಲಿ ಎಂಬ ಪ್ರೋಗ್ರಾಮರ್, ಈಮ್ಯಾಕ್ಸ್ ಎಂಬ ಬರೆಯುವ ತಂತ್ರಾಂಶಕ್ಕೆ ಟೈಮ್‌ಕ್ಲಾಕ್ ಎಂಬ ಪುಟ್ಟ ಸೇರ್ಪಡೆ ಬರೆದರು. ಅದು ಮಾಡುವುದಿಷ್ಟೇ, ಒಂದು ಟೆಕ್ಸ್ಟ್ ಫೈಲಿಗೆ ಸಾಲು ಸೇರಿಸುತ್ತದೆ. ಇಂಗ್ಲಿಷಿನ 'ಇನ್' ಪದದ ಮೊದಲಕ್ಷರ 'ಐ' ಬಂದದ್ದಕ್ಕೆ, 'ಔಟ್' ಪದದ ಮೊದಲಕ್ಷರ 'ಓ' ಹೋದದ್ದಕ್ಕೆ. ನೋಡಲು ಹೀಗಿರುತ್ತದೆ:

ಐ 2024/06/03 09:10:00 ಕಿರಾಣಿ ಅಂಗಡಿ
ಓ 2024/06/03 11:40:00

ಇಷ್ಟೇ. ದಿನಕ್ಕೆ ಎಂಟು ಗಂಟೆ ಎಂದು ಹಿಡಿದು, ಇವತ್ತು ನೀವು ಎಷ್ಟು ಗಂಟೆಗೆ ಮನೆಗೆ ಹೊರಡಬಹುದು ಎಂದೂ ಅದು ಹೇಳುತ್ತಿತ್ತು. ನಮ್ಮ ಗಿರಣಿಯ ಭೋಂಗಾ ಮಾಡುತ್ತಿದ್ದ ಕೆಲಸ! ಅದೇ ವೀಗ್ಲಿ 2003ರಲ್ಲಿ ಬರೆದ ಲೆಡ್ಜರ್ ಎಂಬ ಲೆಕ್ಕದ ತಂತ್ರಾಂಶ, ಸೈಮನ್ ಮೈಕೇಲ್ 2007ರಲ್ಲಿ ಶುರು ಮಾಡಿದ ಎಚ್‌ಲೆಡ್ಜರ್, ಇವೆರಡೂ ಈ ಸಾಲುಗಳನ್ನು ಓದಿ ಗಂಟೆಗಳನ್ನು ರೂಪಾಯಿಯಂತೆ ಖಾತೆಗೆ ಹಾಕುತ್ತವೆ. ಇಂದು ನನ್ನ ಫೈಲು ಇರುವುದೂ ಇದೇ ರೂಪದಲ್ಲಿ.

ಅಳಿಯನ ಪ್ರೋಗ್ರಾಂ ಸಾಲನ್ನು ಬಿಡಿಸುವುದು ಹೀಗೆ. ಖಾಲಿ ಜಾಗ ಕಂಡಲ್ಲಿ ಕತ್ತರಿಸು. ಮೊದಲ ತುಂಡು ಅಕ್ಷರ, ಎರಡನೆಯದು ತಾರೀಖು, ಮೂರನೆಯದು ಹೊತ್ತು, ಉಳಿದದ್ದೆಲ್ಲ ಕೆಲಸದ ಹೆಸರು. 'ಐ' ಸಾಲು ಸಿಕ್ಕಿದರೆ ನೆನಪಿಟ್ಟುಕೋ, ಮುಂದೆ 'ಓ' ಸಿಕ್ಕಿದಾಗ ಕಳೆ. ತಾರೀಖಿನಲ್ಲಿ ವರ್ಷ ಮೊದಲು ಏಕೆ ಎಂದರೆ, 03/04 ಎಂದು ಬರೆದರೆ ನಮಗೆ ಏಪ್ರಿಲ್ ಮೂರು, ಅಮೆರಿಕದವನಿಗೆ ಮಾರ್ಚ್ ನಾಲ್ಕು. ವರ್ಷ, ತಿಂಗಳು, ದಿನ ಎಂಬ ಈ ಕ್ರಮವನ್ನು 1988ರ ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನದಂಡವೂ ಒಪ್ಪಿದೆ.

ಇನ್ನೊಂದು ಹಳೆಯ ಗುಂಡಿ ಇದೆ. ಮೇಲಿನ ಎರಡು ಸಾಲಿನ ನಡುವೆ ಎರಡೂವರೆ ಗಂಟೆ. ಅದನ್ನು 2.30 ಎಂದು ಬರೆದು ಗಂಟೆಯ ದರದಿಂದ ಗುಣಿಸಿದರೆ ಹನ್ನೆರಡು ನಿಮಿಷದ ಕೂಲಿ ಮಾಯ! ಗುಣಿಸಬೇಕಾದ್ದು 2.5ರಿಂದ. ಹನ್ನೆರಡು ನಿಮಿಷ ಸಣ್ಣದು ಅನಿಸಬಹುದು. ತಿಂಗಳಿಗೆ ಇಪ್ಪತ್ತೈದು ದಿನವಾದರೆ ಐದು ಗಂಟೆ. ಎಚ್‌ಲೆಡ್ಜರಿನಲ್ಲಿ ಇದಕ್ಕೆ ಟೈಮ್‌ಡಾಟ್ ಎಂಬ ಸುಲಭದ ದಾರಿಯೂ ಇದೆ. ಕಾಲು ಗಂಟೆಗೆ ಒಂದು ಚುಕ್ಕೆ, ನಾಲ್ಕು ಚುಕ್ಕೆಗೆ ಒಂದು ಗಂಟೆ. ಕಾಲು, ಅರೆ, ಮುಕ್ಕಾಲು ಎಂದು ಬಾಯಿಪಾಠ ಮಾಡಿದ ನಮ್ಮ ತಲೆಮಾರಿಗೆ ಹೇಳಿ ಮಾಡಿಸಿದಂತಿದೆ.

ಯಾವ ಗಡಿಯಾರ?

"ಮಾವ, ಫೈಲಿನಲ್ಲಿ ಹೊತ್ತು ಬರೆದಿದ್ದೀರಿ, ಅದು ಎಲ್ಲಿಯ ಹೊತ್ತು ಎಂದು ಬರೆದಿಲ್ಲ" ಎಂದ ಅಳಿಯ. ಎಲ್ಲಿಯದೇನಪ್ಪಾ, ಮುಂಬಯಿಯದು ಎಂದೆ. ಆದರೆ ಮುಂಬಯಿಯ ಹೊತ್ತು ಎನ್ನುವುದಕ್ಕೂ ಒಂದು ಕತೆ ಇದೆ.

1906ರ ಜನವರಿ 1ರಂದು ಭಾರತಕ್ಕೆಲ್ಲ ಒಂದೇ ಪ್ರಮಾಣ ಸಮಯ ಬಂತು, ಗ್ರೀನ್‌ವಿಚ್‌ಗಿಂತ ಐದೂವರೆ ಗಂಟೆ ಮುಂದೆ. ಅಲ್ಲಿಯವರೆಗೆ ಮುಂಬಯಿಗೆ ತನ್ನದೇ ಬಾಂಬೆ ಟೈಮ್ ಇತ್ತು, 4 ಗಂಟೆ 51 ನಿಮಿಷ ಮುಂದೆ. ಎರಡಕ್ಕೂ 39 ನಿಮಿಷದ ಅಂತರ. ಗಿರಣಿಯ ಗಡಿಯಾರವನ್ನು ಹೊಸ ಸಮಯಕ್ಕೆ ತಿರುಗಿಸಿದರೆ ಕೆಲಸಗಾರ ಸೂರ್ಯನ ಲೆಕ್ಕದಲ್ಲಿ 39 ನಿಮಿಷ ಮೊದಲೇ ಏಳಬೇಕು. ಆ ಜನವರಿಯಲ್ಲೇ ಸಾವಿರಾರು ಗಿರಣಿ ಕೆಲಸಗಾರರು ಮಗ್ಗ ಬಿಟ್ಟು ಬೀದಿಗಿಳಿದರು, ಕಲ್ಲುಗಳು ಹಾರಿದವು. ಊರಿನ ಹಿರಿಯರೂ ಸಭೆ ನಡೆಸಿದರು. ನಗರಪಾಲಿಕೆ ಹಟ ಹಿಡಿದು ಬಾಂಬೆ ಟೈಮನ್ನೇ ಇಟ್ಟುಕೊಂಡಿತು, ಸ್ವಾತಂತ್ರ್ಯ ಬಂದ ಮೇಲೂ ಕೆಲಕಾಲ. ಹೀಗಾಗಿ ಒಂದೇ ಊರಿನಲ್ಲಿ ರೈಲಿಗೆ ಒಂದು ಗಂಟೆ, ಪಾಲಿಕೆಗೆ ಇನ್ನೊಂದು ಗಂಟೆ! 'ಆರು ಗಂಟೆಗೆ ಬಂದ' ಎಂಬ ಸಾಲನ್ನು ಆ ಕಾಲದಲ್ಲಿ ಹೇಗೆ ಓದುತ್ತೀರಿ?

ಯುದ್ಧದ ಕಾಲದಲ್ಲಿ ಇನ್ನೊಂದು ತಿರುವು. 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ ದೇಶದ ಗಡಿಯಾರವನ್ನೇ ಒಂದು ಗಂಟೆ ಮುಂದಿಟ್ಟಿದ್ದರು. ಇಂಥ ಬದಲಾವಣೆಗಳನ್ನೆಲ್ಲ ಒಂದು ಕಡೆ ಬರೆದಿಡುವ ಕೆಲಸವನ್ನು 1980ರ ದಶಕದಲ್ಲಿ ಆರ್ಥರ್ ಡೇವಿಡ್ ಓಲ್ಸನ್ ಎಂಬ ಅಮೆರಿಕನ್ ಶುರು ಮಾಡಿದ. ಇಂದು ನಿಮ್ಮ ಮೊಬೈಲಿನೊಳಗೂ ಅದು ಇದೆ. ಅದೂ ಸಾದಾ ಟೆಕ್ಸ್ಟ್ ಫೈಲೇ. ಭಾರತದ ಸಾಲುಗಳು ಅದರಲ್ಲಿ ಏಷ್ಯಾ/ಕೋಲ್ಕತಾ ಎಂಬ ಹೆಸರಿನಲ್ಲಿವೆ, ಆ ಯುದ್ಧದ ಒಂದು ಗಂಟೆಯೂ ಸೇರಿ.

ಇದೆಲ್ಲ ಹಳೆಯ ಪುರಾಣ ಎನ್ನಬೇಡಿ. ಪುಣೆ, ಹೈದರಾಬಾದಿನಲ್ಲಿ ಕುಳಿತು ಅಮೆರಿಕದ ಕಂಪನಿಗೆ ರಾತ್ರಿ ದುಡಿಯುವ ನಮ್ಮ ಮಕ್ಕಳನ್ನು ಕೇಳಿ. ಅಲ್ಲಿ ಮಾರ್ಚ್ ತಿಂಗಳ ಒಂದು ಭಾನುವಾರ ಬೆಳಗಿನ ಜಾವ ಎರಡರಿಂದ ಮೂರರವರೆಗಿನ ಗಂಟೆಯೇ ಇರುವುದಿಲ್ಲ. ನವೆಂಬರಿನಲ್ಲಿ ಒಂದು ಗಂಟೆ ಎರಡು ಸಲ ಬರುತ್ತದೆ. ಯಾವ ಊರಿನ ಹೊತ್ತು ಎಂದು ಸಾಲಿನಲ್ಲಿ ಇಲ್ಲದಿದ್ದರೆ, ದುಡಿದ ಒಂದು ಗಂಟೆ ಲೆಕ್ಕದಿಂದ ಜಾರಿಹೋಗುವುದು ಇವತ್ತಿಗೂ ಸಾಧ್ಯ.

ನಡುರಾತ್ರಿಯ ಸಮಸ್ಯೆ

ರಾತ್ರಿ 23:00ಕ್ಕೆ ಬಂದು ಬೆಳಿಗ್ಗೆ 07:00ಕ್ಕೆ ಹೋದ. ಹೊತ್ತನ್ನಷ್ಟೇ ನೋಡಿ ಏಳರಿಂದ ಇಪ್ಪತ್ತಮೂರನ್ನು ಕಳೆದರೆ ಮೈನಸ್ ಹದಿನಾರು! ಕೆಲಸಗಾರನೇ ಕಂಪನಿಗೆ ಸಾಲಗಾರ. ತಾರೀಖನ್ನೂ ಸೇರಿಸಿ ಕಳೆದರೆ ಎಂಟು ಗಂಟೆ ಸರಿಯಾಗಿ ಬರುತ್ತದೆ. ಆದರೆ ಆ ಎಂಟನ್ನು ಯಾವ ದಿನಕ್ಕೆ ಹಾಕಬೇಕು?

ಎಚ್‌ಲೆಡ್ಜರ್ ನಡುರಾತ್ರಿಯಲ್ಲಿ ಕತ್ತರಿಸಿ ಒಂದು ಗಂಟೆ ಮೊದಲ ದಿನಕ್ಕೆ, ಏಳು ಗಂಟೆ ಮರುದಿನಕ್ಕೆ ಹಾಕುತ್ತದೆ. 1948ರ ಫ್ಯಾಕ್ಟರಿ ಕಾಯ್ದೆಯ 57ನೇ ಕಲಮು ಬೇರೆ ದಾರಿ ಹಿಡಿದಿತ್ತು. ಪಾಳಿ ನಡುರಾತ್ರಿ ದಾಟಿದರೆ, ದಾಟಿದ ಮೇಲಿನ ಗಂಟೆಗಳೂ ಹಿಂದಿನ ದಿನಕ್ಕೇ ಸೇರಬೇಕು ಎಂದಿತ್ತು. ಯಾಕೆ ಮುಖ್ಯ ಅಂತೀರಾ? ಎರಡಾಗಿ ಕತ್ತರಿಸಿದರೆ ಹತ್ತು ಗಂಟೆಯ ರಾತ್ರಿ ಪಾಳಿಯೂ ಎರಡು ದಿನಗಳಿಗೆ ಹಂಚಿಹೋಗಿ, ದಿನದ ಒಂಬತ್ತು ಗಂಟೆಯ ಮಿತಿ ಎಲ್ಲೂ ದಾಟಿದಂತೆ ಕಾಣುವುದಿಲ್ಲ. ಓವರ್‌ಟೈಮ್ ಇಲ್ಲ! ಕಾಯ್ದೆ ಬರೆದವರಿಗೆ ಕಂಪ್ಯೂಟರ್ ಗೊತ್ತಿರಲಿಲ್ಲ, ಆದರೆ ಪಾರ್ಸಿಂಗ್ ಚೆನ್ನಾಗಿ ಗೊತ್ತಿತ್ತು.

'ಹೋದ' ಇಲ್ಲದ ಸಾಲು

ಅಳಿಯನ ಕೊನೆಯ ಪ್ರಶ್ನೆ. "ಮಾವ, ಒಂದು ಕಡೆ 'ಐ' ಇದೆ, 'ಓ' ಇಲ್ಲ. ಬಿಟ್ಟುಬಿಡಲಾ?"

ಟೈಮ್ ಆಫೀಸಿನಲ್ಲಿ ದಿನಾ ಇದೇ ರಗಳೆ. ಬಂದದ್ದಕ್ಕೆ ಪಂಚ್ ಇದೆ, ಹೋದದ್ದಕ್ಕೆ ಇಲ್ಲ. ಯಂತ್ರ ಕೆಟ್ಟಿರಬಹುದು, ರೈಲು ತಪ್ಪೀತೆಂದು ಓಡಿರಬಹುದು. ನಾನಿದ್ದ ಗಿರಣಿಯ ನಿಯಮದಲ್ಲಿ ಅಂಥ ದಿನ 'ಖಾಡಾ', ಅಂದರೆ ಗೈರುಹಾಜರಿ. ಬದಲಿಸಬೇಕಾದರೆ ಜಾಬರನ ಸಹಿ ಇರುವ ಚೀಟಿ ತರಬೇಕು. ಆ ಚೀಟಿಗಾಗಿ ಜಾಬರನ ಮನೆಯ ಕೆಲಸ ಮಾಡಿಕೊಟ್ಟವರನ್ನು ನಾನು ಬಲ್ಲೆ. ಎಂಟು ಗಂಟೆ ನಿಂತು ದುಡಿದದ್ದಕ್ಕೆ ಸಾಕ್ಷಿ ಇನ್ನೊಬ್ಬನ ಮರ್ಜಿ.

ತಂತ್ರಾಂಶಗಳು ಏನು ಮಾಡುತ್ತವೆ? ಎಚ್‌ಲೆಡ್ಜರ್, ಕೊನೆಯ ಸಾಲಿಗೆ ಜೋಡಿ ಇಲ್ಲದಿದ್ದರೆ, ಕೆಲಸ ಇನ್ನೂ ನಡೆಯುತ್ತಿದೆ ಎಂದು ಹಿಡಿದು ಈ ಕ್ಷಣದವರೆಗೆ ಎಣಿಸುತ್ತದೆ. ನೆದರ್ಲೆಂಡ್ಸ್‌ನ ಖಗೋಳ ವಿಜ್ಞಾನಿ ಕಾರ್ಸ್ಟೆನ್ ಡೊಮಿನಿಕ್ 2003ರಲ್ಲಿ ಆರಂಭಿಸಿದ ಆರ್ಗ್‌ಮೋಡ್‌ನಲ್ಲಿರುವ ಕ್ರಮ ನನಗೆ ಹೆಚ್ಚು ಹಿಡಿಸಿತು. ಮುಗಿಯದ ಸಾಲು ಕಂಡರೆ ಅದು ಬರೆದವನನ್ನೇ ಕೇಳುತ್ತದೆ, ಇದರಲ್ಲಿ ಎಷ್ಟು ನಿಮಿಷ ಉಳಿಸಲಿ, ಎಷ್ಟು ಕಳೆಯಲಿ ಎಂದು. ಅಳಿಯನಿಗೆ ಅದನ್ನೇ ಹೇಳಿದೆ. ಬಿಡಬೇಡ, ಊಹಿಸಲೂ ಬೇಡ, ಕೇಳು.

ಮುಂಬಯಿಯ ಚರಿತ್ರೆಯಲ್ಲಿ 'ಹೋದ' ಇಲ್ಲದ ಅತಿ ದೊಡ್ಡ ಸಾಲು 1982ರದು. ಆ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಎರಡೂವರೆ ಲಕ್ಷದಷ್ಟು ಗಿರಣಿ ಕೆಲಸಗಾರರು ಮುಷ್ಕರ ಹೂಡಿದರು. ಆ ಮುಷ್ಕರ ಮುಗಿಯಿತು ಎಂದು ಯಾರೂ ಅಧಿಕೃತವಾಗಿ ಹೇಳಲೇ ಇಲ್ಲ. ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಮುಸ್ಟರ್ ಪುಸ್ತಕಗಳು ಎಲ್ಲೆಲ್ಲೋ ಹೋದವು. ಮುಂದೆ ಗಿರಣಿಗಳ ಜಾಗದಲ್ಲಿ ಕೆಲಸಗಾರರಿಗೆ ಮನೆ ಕೊಡುವ ಯೋಜನೆ ಬಂದಾಗ, 1982ರ ಜನವರಿ 1ರಂದು ಅಥವಾ ಆಮೇಲೆ ಮುಸ್ಟರಿನಲ್ಲಿ ಹೆಸರು ಇದ್ದಿರಬೇಕು ಎಂಬ ಷರತ್ತು ಬಂತು. ಮೂವತ್ತು ವರ್ಷ ಹಿಂದಿನ ಒಂದು ಸಾಲಿನ ಮೇಲೆ ಒಂದು ಮನೆ! ಒಂದೂವರೆ ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. 2012ರ ಲಾಟರಿಯಲ್ಲಿ ಇದ್ದ ಮನೆಗಳು ಸುಮಾರು 6,900.

ಆ ದಿನಗಳಲ್ಲಿ ಕಲಬುರಗಿ ಕಡೆಯ ಒಬ್ಬ ತಾಯಿ, ತೀರಿಹೋದ ಗಂಡನ ಹಾಜರಿ ಕಾರ್ಡುಗಳ ಕಟ್ಟು ಹಿಡಿದು ನನ್ನ ಬಳಿ ಬಂದಿದ್ದರು. "ಅಣ್ಣಾರ, ಇದ್ರಾಗ ಏನ್ ಬರ್ದದ ನೋಡ್ರಿ" ಎಂದರು. ಟಿಕೆಟ್ ನಂಬರು ಮಾಸಿತ್ತು, ಆದರೆ ಓದಬಹುದಿತ್ತು. ಜನವರಿ 1982ರ ಕಾರ್ಡಿನಲ್ಲಿ 16ನೇ ತಾರೀಖು ಶನಿವಾರದವರೆಗೆ ಗುರುತುಗಳು, ಆಮೇಲೆ ಬಿಳಿ. ಒಂದು ಹಾಳೆಯಲ್ಲಿ ಸಾಲು ಸಾಲಾಗಿ ಎಲ್ಲವನ್ನೂ ಬಿಡಿಸಿ ಬರೆದುಕೊಟ್ಟೆ. ಅರ್ಹರ ಪಟ್ಟಿಯಲ್ಲಿ ಹೆಸರೇನೋ ಬಂತು. ಚೀಟಿ ಮಾತ್ರ ಅವರ ಪಾಲಿಗೆ ಎದ್ದಿಲ್ಲ.

ಪುಸ್ತಕ ಯಾರ ಬಳಿ?

ಕಾರ್ಮಿಕ ಕಾನೂನಿನಲ್ಲಿ 240 ದಿನ ಎಂಬ ಮಾತು ಬಹಳ ಸಲ ಬರುತ್ತದೆ. ವರ್ಷದಲ್ಲಿ ಅಷ್ಟು ದಿನ ದುಡಿದದ್ದು ರುಜುವಾದರೆ, ಸುಮ್ಮನೆ ತೆಗೆದುಹಾಕಲು ಬರುವುದಿಲ್ಲ. ರುಜುವಾತು ಯಾರು ಮಾಡಬೇಕು? ಕರ್ನಾಟಕದಿಂದ ಸುಪ್ರೀಂ ಕೋರ್ಟಿಗೆ ಹೋದ ಎರಡು ಪ್ರಕರಣಗಳು ಇದರ ಬಗ್ಗೆಯೇ. 2002ರಲ್ಲಿ ಅರಣ್ಯ ಇಲಾಖೆಯ ಪ್ರಕರಣವೊಂದರಲ್ಲಿ, ರುಜುವಾತು ಕೆಲಸಗಾರನ ಹೊಣೆ, ಅವನದೇ ಪ್ರಮಾಣಪತ್ರ ಮಾತ್ರ ಸಾಲದು ಎಂದು ಕೋರ್ಟು ಹೇಳಿತು. 2005ರಲ್ಲಿ ದಿನಗೂಲಿಯವನೊಬ್ಬನ ಪ್ರಕರಣದಲ್ಲಿ, ಇಂಥವರ ಕೈಗೆ ನೇಮಕ ಪತ್ರವನ್ನಾಗಲಿ ಸಂಬಳದ ಚೀಟಿಯನ್ನಾಗಲಿ ಕೊಟ್ಟಿರುವುದಿಲ್ಲ ಎನ್ನುವುದನ್ನು ಕೋರ್ಟು ಗಮನಿಸಿತು. ಅವನು ಸಾಕ್ಷಿ ನುಡಿದು, ಮುಸ್ಟರ್ ತರಿಸಿ ಎಂದು ಕೇಳಿದ ಮೇಲೂ ಇಲಾಖೆ ಅದನ್ನು ಪೂರ್ತಿ ಹಾಜರುಪಡಿಸದಿದ್ದಾಗ ಅವನ ಮಾತಿಗೆ ಬೆಲೆ ಕೊಟ್ಟಿತು. ದುಡಿದವನು ಒಬ್ಬ, ಪುಸ್ತಕ ಇರುವುದು ಇನ್ನೊಬ್ಬನ ಕಪಾಟಿನಲ್ಲಿ. ತೊಡಕೆಲ್ಲ ಅಲ್ಲೇ.

ಸಾದಾ ಫೈಲಿನ ಸಾಲೂ ನಿಮ್ಮದೇ ಮಾತು, ಯಾರು ಬೇಕಾದರೂ ತಿದ್ದಬಹುದು, ಕೋರ್ಟಿನಲ್ಲಿ ಅದೊಂದೇ ನಿಲ್ಲಲಾರದು. ಆದರೆ ವಾರಕ್ಕೊಮ್ಮೆ ಆ ಸಾಲುಗಳನ್ನು ಕೆಲಸ ಕೊಟ್ಟವರಿಗೇ ಮೇಲ್ ಮಾಡಿ, ಒಂದು ಪ್ರತಿ ಇಟ್ಟುಕೊಂಡರೆ ಅದಕ್ಕೆ ತಾರೀಖಿನ ಬಲ ಬರುತ್ತದೆ. ಮೂವತ್ತು ವರ್ಷವಾದ ಮೇಲೂ ಆ ಫೈಲು ಯಾವ ಯಂತ್ರದಲ್ಲಿ ಬೇಕಾದರೂ ತೆರೆದೀತು. ಕಾಸು ಕೊಟ್ಟು ಕೊಂಡ ಎಷ್ಟೋ ತಂತ್ರಾಂಶಗಳಿಗೆ ಆ ಆಯುಷ್ಯ ಇಲ್ಲ.

ಗಿರಣಿಯವರಿಗಾದರೂ ಮುಸ್ಟರ್ ಇತ್ತು. 1948ರ ಬಾಂಬೆ ಶಾಪ್ಸ್ ಕಾಯ್ದೆ ಹೋಟೆಲುಗಳಿಗೂ ಅನ್ವಯಿಸುತ್ತಿತ್ತು. ಆದರೂ ಬೆಳಗಿನ ಜಾವದ ಇಡ್ಲಿ ಹಿಟ್ಟಿನಿಂದ ರಾತ್ರಿ ಶಾಲೆಯ ಗಂಟೆಯವರೆಗೆ ನಾನು ದುಡಿದ ಹೋಟೆಲಿನ ವರ್ಷಗಳಿಗೆ ಎಲ್ಲೂ ಒಂದೇ ಒಂದು ಸಾಲಿಲ್ಲ. ಇವತ್ತು ಊರಿನಿಂದ ಬಂದು ಡೆಲಿವರಿಗೋ ಹೋಟೆಲಿಗೋ ಸೇರುವ ಹುಡುಗರು ಸಿಕ್ಕಿದರೆ ನಾನು ಹೇಳುವುದು ಒಂದೇ ಮಾತು. ಮಗಾ, ಬಂದದ್ದು ಹೋದದ್ದು ಬರೆದಿಡು, ಮೊಬೈಲಿನಲ್ಲಾದರೂ ಸರಿ.

ನಿಮಗೂ ಒಂದು ಮಾತು. ಅಟ್ಟದ ಮೇಲೋ ಟ್ರಂಕಿನೊಳಗೋ ಅಪ್ಪನದೋ ಅಜ್ಜನದೋ ಗಿರಣಿ ಕಾರ್ಡು, ಟಿಕೆಟ್ ನಂಬರಿನ ಚೀಟಿ, ಹಳೆಯ ಪಗಾರದ ಸ್ಲಿಪ್ಪು ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಗುರುತುಗಳು ಅರ್ಥವಾಗದಿದ್ದರೆ ಒಂದು ಫೋಟೋ ತೆಗೆದು ಕಳಿಸಿ. ಕಣ್ಣು ಸ್ವಲ್ಪ ಮಂದವಾಗಿದೆ, ಆದರೂ ಬಿಡಿಸಿ ಓದಿಕೊಡುತ್ತೇನೆ.